ನಕ್ಷೆಯಲ್ಲಿ ಬಿಳಿಯಾಗಿ ಉಳಿದ ದಂಡೆ

ಕೆರೆಯ ಅಧ್ಯಯನ ಮಾಡುವ ಆ ಕಚೇರಿಯಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ದುರ್ಬೀನು ಹಿಡಿದು ಗೂಡು ಹುಡುಕುವವರು ಹಕ್ಕಿ ಮೇಡಂ. ಬಲೆ ಬೀಸಿ ಮೀನು ಅಳೆಯುವವನು ಮೀನಪ್ಪ. ಮೂರನೆಯವನಾದ ಇವನು ಜನದವ. ಕೆರೆಯಿಂದ ಯಾರಿಗೆ ಏನು ಸಿಗುತ್ತದೆ, ನೀರೋ, ಮೇವೋ, ಸಂಜೆಯ ತಂಗಾಳಿಯೋ ಎಂದು ಮನೆ ಮನೆಗೆ ಹೋಗಿ ಕೇಳಿ, ನಕ್ಷೆಗೆ ಬಣ್ಣ ತುಂಬುವುದು ಅವನ ಕೆಲಸ.

"ನನ್ನ ಮೀನು ಸುಳ್ಳು ಹೇಳಲ್ಲಪ್ಪ. ನಿನ್ನ ಗಿರಾಕಿಗಳದ್ದೇ ಕಷ್ಟ" ಎಂದು ಮೀನಪ್ಪ ಕೆಣಕುತ್ತಿದ್ದ.

"ನಿನ್ನ ಮೀನು ಮಾತಾಡಿದ ದಿನ ನೋಡೋಣ" ಎಂದು ಇವನು ನಗುತ್ತಿದ್ದ.

ಕೆಲಸದಲ್ಲಿ ಅವನು ಅಚ್ಚುಕಟ್ಟು. ಬಾಗಿಲಲ್ಲಿ ನಿಂತು ಕೇಳುತ್ತಿರಲಿಲ್ಲ, ಒಳಗೆ ಕೂತು ಕೇಳುತ್ತಿದ್ದ. ಕೆರೆ ಬಳಸುತ್ತೀರಾ ಎಂದರೆ ಇಲ್ಲ ಎನ್ನುವ ಮನೆಯಲ್ಲೇ, ಮೊನ್ನೆ ಕಂಬಳಿ ಎಲ್ಲಿ ಒಗೆದಿರಿ ಎಂದರೆ ಕೆರೆಯಲ್ಲಿ ಎನ್ನುತ್ತಾರೆಂದು ಅವನು ಕಲಿತಿದ್ದ. ಅಷ್ಟು ಸಣ್ಣದನ್ನೂ ಬಿಡದೆ ನಕ್ಷೆಗೆ ತರುತ್ತಿದ್ದ.

ಒಂದು ನಿಯಮವಿತ್ತು. ಸ್ವಂತ ಮನೆಯಲ್ಲಿ, ನೆಂಟರ ಮನೆಯಲ್ಲಿ ಯಾರೂ ತಾವೇ ಪ್ರಶ್ನೆ ಕೇಳುವಂತಿರಲಿಲ್ಲ, ಇನ್ನೊಬ್ಬರನ್ನು ಕಳಿಸಬೇಕಿತ್ತು. ಅವನ ಮನೆ ಪೂರ್ವದ ದಂಡೆಯ ಹಿಂದಿನ ಬೀದಿಯಲ್ಲಿ ಕೊನೆಯದು. ಆ ದಂಡೆಗೆ ಇಳಿಯುವ ಕಾಲುದಾರಿ ಅದರ ಹಿತ್ತಲಿನಿಂದಲೇ ಹೋಗುತ್ತಿತ್ತು. ಅದರಲ್ಲಿ ದಿನವೂ ಓಡಾಡುತ್ತಿದ್ದವಳು ಅವನ ಅಕ್ಕ ಒಬ್ಬಳೇ.

ಅಕ್ಕ ಕೆರೆಯ ಜೊಂಡು ಕತ್ತರಿಸಿ, ಒಣಗಿಸಿ, ಚಾಪೆ ಹೆಣೆಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದೂ ಅದರಿಂದಲೇ. ಹಸಿ ಜೊಂಡಿನ ಕೆಸರು ವಾಸನೆ ಮನೆಯ ಗೋಡೆಗೂ ಹಿಡಿದಿತ್ತು. ಶಾಲೆಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗಲೂ ಅವನು ಅಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುತ್ತಿದ್ದ. ಕಚೇರಿಯಲ್ಲಿ ಕೇಳಿದವರಿಗೆ "ಅಕ್ಕ ಮನೇಲೇ ಇರ್ತಾಳೆ" ಎಂದಷ್ಟೇ ಹೇಳಿದ್ದ.

"ನಿಮ್ಮ ಮನೆಗೆ ನಾನು ಯಾವತ್ತು ಬರ್ಲಿ?" ಎಂದು ಹಕ್ಕಿ ಮೇಡಂ ಕೇಳಿದರು.

"ನಮ್ಮನೇಲಿ ಕೆರೆ ಕಡೆ ಹೋಗೋರೇ ಯಾರೂ ಇಲ್ಲ, ಮೇಡಂ. ಸುಮ್ನೆ ಯಾಕೆ ಓಡಾಟ?"

ಜನದವನ ಮಾತೆಂದ ಮೇಲೆ ಅವರು ಮತ್ತೆ ಕೇಳಲಿಲ್ಲ. ಪೂರ್ವದ ದಂಡೆ ನಕ್ಷೆಯಲ್ಲಿ ಬಿಳಿಯಾಗಿ ಉಳಿಯಿತು. ಅಲ್ಲಿ ಗೂಡುಗಳಿವೆ, ಜನರ ಬಳಕೆ ಇಲ್ಲ, ಆದ್ದರಿಂದ ಅದನ್ನು ಬೇಲಿ ಹಾಕಿ ಕಾಪಾಡುವುದು ಸುಲಭ ಎಂದು ವರದಿ ಹೇಳಿತು. ಅದನ್ನು ಓದಿದ ದಿನ ಬಾಯಿ ಬಿಡಬಹುದಿತ್ತು. ಅವನು ಚಹಾ ಲೋಟದ ತಳ ನೋಡುತ್ತಾ ಕೂತ.

ಒಂದು ಬೆಳಿಗ್ಗೆ ಅಕ್ಕ ಒಣ ಕುಡುಗೋಲು ಹಿಡಿದು ವಾಪಸು ಬಂದಳು.

"ತಂತಿ ಬೇಲಿ ಹಾಕ್ಬಿಟ್ಟಿದಾರೆ ಕಣೋ! ಯಾರೂ ಬಳಸದ ಜಾಗ ಅಂತ ಕಾವಲಿನವನು ಹೇಳ್ದ. ಹಾಗಾದ್ರೆ ಇಷ್ಟು ವರ್ಷ ಹೋಗಿದ್ದು ಯಾರು, ನನ್ನ ದೆವ್ವಾನಾ?" ಎಂದು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಮನೆ ಮನೆಗೂ ಬಂದು ಕೇಳಿದ್ರಂತೆ. ನಮ್ಮನೆ ಯಾಕೆ ಬಿಟ್ರೋ? ನಿಮ್ಮ ಆಫೀಸಲ್ಲಿ ಸ್ವಲ್ಪ ವಿಚಾರಿಸು."

ಅವಳ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅವನು ತಿಂಡಿ ಅರ್ಧಕ್ಕೆ ಬಿಟ್ಟು ಎದ್ದ.

ಕಚೇರಿಯಲ್ಲಿ ಅವನು ಹಕ್ಕಿ ಮೇಡಂ ಮೇಜಿನ ಮುಂದೆ ನಿಂತು, "ಒಂದು ಮನೆ ಬಿಟ್ಟುಹೋಗಿದೆ, ಮೇಡಂ" ಎಂದ.

"ಯಾರದ್ದು?"

"ನಮ್ಮದು."

ಅವರು ಅವನ ಮುಖ ನೋಡಿದರು. ಯಾಕೆಂದು ಕೇಳದೆ ಚೀಲ ಎತ್ತಿಕೊಂಡರು.

ಅಕ್ಕ ಹೊಸ ಚಾಪೆ ಹಾಸಿ ಮೇಡಂ ಅವರನ್ನು ಕೂರಿಸಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹಕ್ಕಿಗಳ ಮಾತು ಬಂದಾಗ ಸ್ವಲ್ಪ ತಡೆದಳು.

"ಸುಳ್ಳು ಯಾಕೆ ಹೇಳ್ಲಿ ತಾಯಿ, ಒಂದೊಂದ್ಸಲ ಕುಡುಗೋಲಿಗೆ ಸಿಕ್ಕಿ ಮೊಟ್ಟೆ ಒಡೆದಿದೆ. ಜೊಂಡು ದಟ್ಟ ಇರತ್ತಲ್ಲ, ಕಾಣಲ್ಲ. ಇದನ್ನ ಬರ್ಕೊಂಡ್ರೆ ಬೇಲಿ ತೆಗೆಯಲ್ವೇನೋ. ಆದ್ರೂ ಬರ್ಕೊಳ್ಳಿ."

ಬಾಗಿಲ ಹತ್ತಿರ ನಿಂತಿದ್ದ ಅವನು ತಲೆ ತಗ್ಗಿಸಿದ.

"ಇದಕ್ಕೆ ಮೊದಲು ನಿಮ್ಮನ್ನ ಯಾರಾದ್ರೂ ಬಂದು ಕೇಳಿದ್ರಾ?" ಎಂದು ಮೇಡಂ ನಮೂನೆಯಲ್ಲಿದ್ದ ಪ್ರಶ್ನೆ ಓದಿದರು.

ಅಕ್ಕ ಉತ್ತರಿಸಲು ಬಾಯಿ ತೆರೆದವಳು ತಮ್ಮನ ಕಡೆ ತಿರುಗಿದಳು. ಅವನ ಮುಖ ನೋಡುತ್ತಿದ್ದ ಹಾಗೆ ಅವಳಿಗೆ ಎಲ್ಲ ತಿಳಿದುಹೋಯಿತು.

"ಬಂದಿದ್ರೇನೋ ತಾಯಿ. ನಾನೇ ಕೆರೇಲಿದ್ದೆ ಅನ್ಸತ್ತೆ. ಇವನದ್ದೇನೂ ತಪ್ಪಿಲ್ಲ."

ಒಡೆದ ಮೊಟ್ಟೆಯನ್ನು ಮುಚ್ಚಿಡದವಳು ಅವನಿಗಾಗಿ ಸುಳ್ಳು ಹೇಳಿದ್ದಳು. ಅದನ್ನು ಅವನಿಗೆ ತಡೆಯಲಾಗಲಿಲ್ಲ.

"ಇಲ್ಲ ಮೇಡಂ, ಯಾರೂ ಬಂದಿರ್ಲಿಲ್ಲ. ಬರೋದು ಬೇಡ ಅಂತ ನಾನೇ ತಪ್ಪಿಸಿದೆ. ನೀವು ಈ ಮನೇಲಿ ಬಂದು ಕೂರೋದು ನಂಗೆ ಬೇಕಿರ್ಲಿಲ್ಲ."

ಅಕ್ಕ ಚಾಪೆಯ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ಒಳಗೆ ಸೇರಿಸಿ, ಬೆರಳಿನಿಂದ ಒತ್ತಿದಳು.

"ಮುಂದಿನ ಪ್ರಶ್ನೆ ಕೇಳಿ ತಾಯಿ" ಎಂದಳು.

ಮರುದಿನ ಕಚೇರಿಯಲ್ಲಿ ಎಲ್ಲರೆದುರು ಅವನು ಅದನ್ನೇ ಹೇಳಿದ. ನಕ್ಷೆ ತಿದ್ದಿದರು. ಬೇಲಿಗೊಂದು ಗೇಟು ಬಂತು. ಗೂಡು ಕಟ್ಟುವ ಕಾಲದಲ್ಲಿ ಮುಚ್ಚುವುದು, ಉಳಿದಾಗ ತೆರೆಯುವುದು ಎಂದಾಯಿತು. ಅಕ್ಕ ಒಪ್ಪಿದಳು. ಮನೆ ಮನೆಗೆ ಹೋಗುವ ಕೆಲಸವನ್ನು ಅವನಿಂದ ತೆಗೆದು, ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಮೇಜಿಗೆ ಕೂರಿಸಿದರು. ಮೀನಪ್ಪ ಅವನನ್ನು ಜನದವ ಎಂದು ಕರೆಯುವುದನ್ನು ನಿಲ್ಲಿಸಿದ. ಬೇರೆ ಹೆಸರೇನೂ ಇಡಲಿಲ್ಲ.

ಅಕ್ಕ ಬೈಯಲಿಲ್ಲ. ಆದರೆ ಮನೆಯ ಮುಂದೆ ಜೊಂಡು ಹರವುವುದನ್ನು ಬಿಟ್ಟು, ಬೀದಿಗೆ ಕಾಣದ ಹಾಗೆ ಹಿತ್ತಲಲ್ಲಿ ಒಣಗಿಸತೊಡಗಿದಳು. ಒಂದು ರಜಾದಿನ ಅವನು ಹೊರೆ ಹೊತ್ತು ತಂದು ಮುಂದಿನ ಅಂಗಳದಲ್ಲಿ ಹರವಿದ. ಅವಳು ಬಂದು ನೋಡಿದಳು.

"ಬಿಡೋ, ಹಿತ್ತಲಲ್ಲೂ ಬಿಸಿಲು ಬೀಳತ್ತೆ" ಎಂದು ಬಗ್ಗಿ, ಒಂದೊಂದೇ ಹಿಡಿ ಎತ್ತಿ ಹಿತ್ತಲಿಗೆ ಸಾಗಿಸಿದಳು.