ಸುಟ್ಟ ಹಿಡಿಕಿಯ ಪಕ್ಕಡ

ನನ್ನ ಗಂಡನ ಮುಂದಿನ ಹಲ್ಲಿಗೆ ಒಂದು ಕಚ್ಚು ಇತ್ತು. ವೈರಿನ ಮ್ಯಾಲಿನ ಪ್ಲಾಸ್ಟಿಕ್ಕು ಹಲ್ಲಿಲೆ ಕಚ್ಚಿ ಎಳದು ಎಳದು ಬಿದ್ದ ಕಚ್ಚು. ಅದನ್ನ ನೋಡಿ ನಮ್ಮವ್ವ ಲಗ್ನದಾಗ, "ಹಲ್ಲು ಮುರದ ವರಾನ ಸಿಕ್ಕನೇನು ನಮಗ?" ಅಂತ ಮುಖ ಸೊಟ್ಟ ಮಾಡಿದ್ದಳು. ಅಂವ ರಾಯಚೂರಾಗ ಇದ್ದು ಮನಿಗಳ ವೈರಿಂಗ್ ಮಾಡ್ತಿದ್ದ. ಎಪ್ಪತ್ತರ ಮ್ಯಾಲಿನ ವರ್ಷಗಳು ಅವು. ಒಂದೊಂದ ಹಳ್ಳಿಗೆ ಕರೆಂಟು ಬರಾಕತ್ತಿತ್ತು. ಕೆಲಸಕ್ಕ ಬರ ಇರಲಿಲ್ಲ.

ಲಗ್ನ ಆಗಿ ಎರಡನೇ ವರ್ಷ ಒಂದು ಕಟಿಂಗ್ ಪ್ಲೇಯರ್ ಕೊಂಡು ತಂದ. ನಾವು ಅದಕ್ಕ ಪಕ್ಕಡ ಅಂತಿದ್ದಿವಿ. ಕೆಂಪು ಹಿಡಿಕಿ, ಕೈಯಾಗ ತಗೊಂಡ್ರ ಭಾರ. ಮೂತಿ ಹಿಡೀತದ, ಹಲ್ಲು ತಿರುವ್ತಾವ, ಬುಡದಾಗಿನ ಅಲಗು ಕತ್ತರಸ್ತದ. "ಇವತ್ತಿನಿಂದ ನನ್ನ ಹಲ್ಲಿಗೆ ಪೆನ್ಶನ್ನು" ಅಂದು ಅದನ್ನ ನನ್ನ ಮುಂದ ಟಕ್ ಟಕ್ ಅನಿಸಿ ತೋರಿಸಿದ.

ನಮ್ಮದು ಒಂದ ಖೋಲಿ, ಒಂದು ಸೀಮೆಎಣ್ಣಿ ಸ್ಟೋ. ಬೋಗುಣಿ ಇಳಸಾಕ ಇಕ್ಕಳ ಇರಲಿಲ್ಲ. ಅಂವ ಕೆಲಸದಿಂದ ಬಂದು ಚೀಲ ಇಟ್ಟು ಮಕ್ಕೊಂಡ್ರ ನಾನು ಪಕ್ಕಡ ತಗೊಂಡು ಬೋಗುಣಿ ಇಳಸ್ತಿದ್ದೆ. ಅದರಂಗ ಅಂಚು ಹಿಡಿಯೋ ಇಕ್ಕಳ ಇವತ್ತಿಗೂ ಸಿಗೂದಿಲ್ಲ. ಅವನ ಜೋಡಿ ಕೆಲಸ ಮಾಡೋ ಗೆಳ್ಯಾ ಒಬ್ಬ ಇದ್ದ. ಮನಿಯಾಗ ದಖ್ಖನಿ ಮಾತಾಡೋ ಮಂದಿ, ನನಗ ಭಾಬಿ ಅಂತಿದ್ದ. ಪುಂಡಿಪಲ್ಯಾ ರೊಟ್ಟಿ ಅಂದ್ರ ಪ್ರಾಣ ಬಿಡ್ತಿದ್ದ.

"ಭಾಬಿ, ಪಕ್ಕಡದಾಗ ಸಾರಿನ ವಾಸನಿ ಬರಾಕತ್ತದ ನೋಡ್ರಿ. ಮಂದಿ ಮನಿ ವೈರಿಗೆ ಒಗ್ಗರಣಿ ಹಾಕಿದಂಗ ಆಗ್ತದ."

"ಹಾಕ್ರಿ. ಕರೆಂಟು ರುಚಿಯಾಗಿ ಬರ್ತದ" ಅಂದಿದ್ದೆ.

ಒಂದಿನ ಪಕ್ಕಡಾನ ಸ್ಟೋ ಪಕ್ಕಕ್ಕ ಇಟ್ಟು ಮರತೆ. ಬೆಂಕಿ ತಾಕಿ ಒಂದು ಹಿಡಿಕಿ ಕರಗಿ ಕಬ್ಬಿಣ ಕಂಡಿತು. ಅಂವ ನೋಡಿದ. ಬೈಯಲಿಲ್ಲ. "ಈ ಕೆಂಪು ಅಂದಕ್ಕ ಹಾಕಿದ್ದಲ್ಲ ಬೇ. ಕರೆಂಟಿನಾಗ ಇದ ನನಗೂ ಸಾವಿಗೂ ನಡುವಿನ ಗ್ವಾಡಿ" ಅಂದ. ನಾನು ಹಳೇ ಸೈಕಲ್ ಟ್ಯೂಬು ಪಟ್ಟಿ ಕತ್ತರಿಸಿ ಕಬ್ಬಿಣ ಕಾಣದಂಗ ಸುತ್ತಿ ದಾರ ಕಟ್ಟಿದೆ. ಹೊಸಾದು ತರೂಣು ಅಂದ, ತರಲಿಲ್ಲ.

ಅದಾಗಿ ಒಂದು ತಿಂಗಳಿಗೆ ಅಂವ ಮಲ್ಲಟ ಅನ್ನೋ ಹಳ್ಳ್ಯಾಗ ಸತ್ತ. ಹೊಸ ಮನಿಯ ವೈರಿಂಗ್ ಮಾಡೋ ಮುಂದ ಕರೆಂಟು ಹೊಡೀತು. ಹೆಣದ ಜೋಡಿ ಅವನ ಚೀಲ ಬಂತು. ಅಳೋರು ಅಳಾಕತ್ತಿದ್ರು. ನಾನು ಚೀಲದಾಗ ಕೈ ಹಾಕಿ ಪಕ್ಕಡ ತಗದು ನೋಡಿದೆ. ಸುತ್ತಿದ್ದ ಟ್ಯೂಬು ಇರಲಿಲ್ಲ. ಬರೇ ಕಬ್ಬಿಣ.

ಆವತ್ತು ಅವನ ಜೋಡಿ ಕೆಲಸಕ್ಕಿದ್ದ ಗೆಳ್ಯಾ ಮಣ್ಣಿಗೆ ಬಂದಿದ್ದ. ದೂರ ನಿಂತು ಹೋದ. ಆಮ್ಯಾಲ ಮಾರಿ ತೋರಸಲಿಲ್ಲ. ರಾಯಚೂರು ಬಿಟ್ಟು ಸಿರವಾರಕ್ಕ ಹೋದ ಅಂತ ಕೇಳಿದೆ.

ನಾನು ದೇವದುರ್ಗಕ್ಕ ಬಂದೆ. ಹುಡುಗರ ಹಾಸ್ಟೆಲಿನಾಗ ಅಡಗಿ ಕೆಲಸ, ಅದರ ಹಿಂದಿನ ಓಣ್ಯಾಗ ಒಂದು ಖೋಲಿ. ಮಕ್ಕಳಿಲ್ಲ. ಅವ್ವ ಅಷ್ಟರಾಗ ತೀರಿಕೊಂಡಿದ್ದಳು. ಮಂದಿ ಕೇಳಿದ್ರ "ಕರೆಂಟು ಹೊಡದು ಸತ್ತ" ಅಂತಿದ್ದೆ, ಮುಂದಿಂದು ಹೇಳ್ತಿರಲಿಲ್ಲ. ಓಣಿ ಹೆಣಮಕ್ಕಳು ಕಟ್ಟಿ ಮ್ಯಾಲ ಕುಂತು ಕರದ್ರೂ ಹೋಗ್ತಿರಲಿಲ್ಲ. ಕುಂತ್ರ ಮಾತು ಬರ್ತದ, ಮಾತು ಬಂದ್ರ ಗಂಡ ಬರ್ತಾನ. "ಭಾಳ ಸೊಕ್ಕಿನಾಕಿ" ಅಂದ್ರು. ಅನ್ಲಿ ಅಂತ ಬಿಟ್ಟೆ. ಸೂಟಿ ಬಿಟ್ಟು ಹುಡುಗರು ಊರಿಗೆ ಹೋದ್ರಂದ್ರ ಹಾಸ್ಟೆಲೂ ಬಂದ್. ಆವಾಗ ಎರಡು ಮೂರು ದಿನ ನನ್ನ ದನಿ ನಾನ ಕೇಳ್ತಿರಲಿಲ್ಲ. ಮಧ್ಯಾನ ಕುಂತು ಪಕ್ಕಡದ ಕೀಲಿಗೆ ಎಣ್ಣಿ ಬಿಟ್ಟು ಟಕ್ ಟಕ್ ಅನಸ್ತಿದ್ದೆ.

ಅದನ್ನ ಒಗೀಲಿಲ್ಲ. ಬೋಗುಣಿ ಅದರಿಂದಾನ ಇಳಿಸಿದೆ. ಬರೇ ಕಬ್ಬಿಣ ಕೈ ಸುಡ್ತಿತ್ತು, ಸುಡ್ಲಿ ಅಂತಿದ್ದೆ.

ಸಿರವಾರ ಏನು ಕಾಶಿ ಅಲ್ಲ. ಬಸ್ಸು ಹತ್ತಿ ಹೋಗಿ ಆ ಗೆಳ್ಯಾನ ಕೇಳಬಹುದಿತ್ತು: ಅಂವ ಸಾಯೋ ಮುಂದ ಪಕ್ಕಡ ಹಿಡಕೊಂಡಿದ್ನೇನು, ಆ ಸುಟ್ಟ ಹಿಡಿಕೀನೇನು? ಹೋಗಲಿಲ್ಲ. ಹೌದು ಅಂದುಬಿಟ್ರ ಏನು ಮಾಡೂದು? ಹಿಂಗ ಒಂಬತ್ತು ವರ್ಷ ಕಳದೆ.

ಇಸ್ವಿ ಎಂಬತ್ತು ದಾಟಿತ್ತು. ಮಾನವಿಯೊಳಗ ಒಂದು ಲಗ್ನದ ಅಡಗಿಗೆ ಕರದಿದ್ರು. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನಾಗ ದೇವದುರ್ಗದ ಬಸ್ಸಿಗೆ ನಿಂತಿದ್ದೆ. ಕೈಚೀಲದಾಗ ಸೌಟು, ಈಳಗಿ, ಪಕ್ಕಡ. ಆಕಡೆ ನೀರಿನ ತೊಟ್ಟಿ ಹತ್ರ ಆ ಗೆಳ್ಯಾ ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನ ನೋಡಿದ, ಗುರುತು ಹಿಡದ, ಗಡಬಡಿಸಿ ಒಂದು ಬಸ್ಸಿನ ಹಿಂದ ಸರದ. ನನಗ ಸಿಟ್ಟು ಬಂತು. ನಮ್ಮ ಮನಿ ರೊಟ್ಟಿ ಅಷ್ಟು ತಿಂದಾಂವ ನನ್ನ ಕಂಡು ಬಸ್ಸಿನ ಹಿಂದ ಅಡಗತಾನ. ಹೋಗಿ ಎದುರಿಗೆ ನಿಂತೆ.

"ಎಲ್ಲಿ ಓಡ್ತಿ? ಬಸ್ಸು ಹೋದ್ರ ಕಾಣೂದಿಲ್ಲೇನು?"

"ಭಾಬಿ... ಚಲೋ ಅದೀರಿ?"

"ಚಲೋ ಇರೂದು ಬಿಡು. ಒಂದು ಮಾತು ಕೇಳ್ತೀನಿ, ಖರೆ ಹೇಳು." ಪಕ್ಕಡ ತಗದು ಅವನ ಮುಂದ ಹಿಡದೆ. "ಆವತ್ತು ಇದು ಅವನ ಕೈಯಾಗ ಇತ್ತೇನು?"

ಅಂವ ಪಕ್ಕಡ ನೋಡಿದ್ದ ತಡ, ಕಟ್ಟಿ ಮ್ಯಾಲ ಕುಂತುಬಿಟ್ಟ.

"ಇಲ್ರಿ ಭಾಬಿ. ನನ್ನ ಕೈಯಾಗ ಇತ್ತು."

"ನಿನ್ನ ಕೈಯಾಗ?"

"ನಂದು ಮನಿಯಾಗ ಮರತು ಹೋಗಿದ್ದೆ. ಇದನ್ನ ಇಸಕೊಂಡು ಹೊರಗ ಅರ್ಥಿಂಗ್ ತಂತಿ ತಿರುವಾಕತ್ತಿದ್ದೆ. ಟ್ಯೂಬು ಜಾರಾಕತ್ತಿತ್ತು, ಬಿಚ್ಚಿ ಒಗದೆ. ಅಂವ ಒಳಗಿಂದ ಕರದ, 'ಕೊಡಲೇ, ವೈರು ಸುಲೀಬೇಕು' ಅಂತ. 'ನಿಂದರು, ಎರಡು ತಿರುವು ಉಳದಾವ' ಅಂದೆ ನಾನು. ಅಂವ ತಡೀಲಿಲ್ಲ. ಹಲ್ಲು ಹಚ್ಚಿದ."

ಆ ಕಚ್ಚು ಬಿದ್ದ ಹಲ್ಲು ಕಣ್ಣ ಮುಂದ ಬಂತು.

"ಎರಡು ತಿರುವು ಭಾಬಿ. ಅಷ್ಟು ಬಿಟ್ಟು ಕೊಟ್ಟಿದ್ರ ಉಳೀತಿದ್ದ. ನಿಮಗ ಯಾವ ಮುಖ ತೋರಸ್ಲಿ?"

"ಫ್ಯೂಜು ತಗದಿದ್ನೇನು?"

"ಇಲ್ರಿ. ಒಂದು ನಿಮಿಷದ ಕೆಲಸ ಅಂದ."

"ಮತ್ತ? ಫ್ಯೂಜು ತಗೀದ ಬಾಯಿ ಹಚ್ಚಿದ್ದು ಅವನ ತಪ್ಪು. ನೀ ಯಾಕ ಸಾಯ್ತಿ? ನಾ ಯಾಕ ಸತ್ತೆ ಇಷ್ಟು ವರ್ಷ?"

ನಂದೇನು ಇತ್ತು ಇದರಾಗ ಅಂತ ಅವನಿಗೆ ತಿಳೀಲಿಲ್ಲ. ಸ್ಟೋ, ಕರಗಿದ ಹಿಡಿಕಿ ಎಲ್ಲಾ ಹೇಳಿದೆ. ಬಾಯಿ ತಕ್ಕೊಂಡು ಕೇಳಿದ. "ಅದಕ್ಕ ಒಗ್ಗರಣಿ ವಾಸನಿ" ಅಂದ. ಅಳೂದು ನಗೂದು ಎರಡೂ ಅವನ ಮಾರಿ ಮ್ಯಾಲ ಇದ್ದವು. ತನ್ನ ಚೀಲದಿಂದ ಕರೇ ಟೇಪು ತಗದ. ಎರಡೂ ಹಿಡಿಕಿಗೆ ಬಿಗಿಯಾಗಿ ಸುತ್ತಿ, ಟೇಪಿನ ತುದಿ ಹಲ್ಲಿಲೆ ಕತ್ತರಸಾಕ ಹೋದ. ಬಾಯಿ ತನಕ ಒಯ್ದು ನಿಂತ. ಪಕ್ಕಡದ ಅಲಗಿಗೆ ಕೊಟ್ಟು ಕತ್ತರಿಸಿದ.

ಬಸ್ಸು ಬಂತು. "ಮನಿಗೆ ಬರ್ತೀನಿ ಭಾಬಿ, ರೊಟ್ಟಿ ತಿನ್ನಾಕ" ಅಂದ.

"ಬಾ" ಅಂದೆ.

ಎರಡು ಐತವಾರ ಪುಂಡಿಪಲ್ಯಾ ಮಾಡಿ ನಾಕು ರೊಟ್ಟಿ ಹೆಚ್ಚಿಗಿ ಬಡದೆ. ಬರಲಿಲ್ಲ. ಬರ್ತಾನ ಅಂತ ನಾನೂ ಭಾಳ ನಂಬಿರಲಿಲ್ಲ. ನಮ್ಮಿಬ್ಬರ ನಡುವ ಇದ್ದದ್ದು ಒಂದ ಮಾತು, ಅದು ಮಾನವಿಯೊಳಗ ಮುಗದಿತ್ತು. ಹೆಚ್ಚಿನ ರೊಟ್ಟಿ ಒಣಗಿಸಿ ಕಟಗರೊಟ್ಟಿ ಮಾಡಿಟ್ಟೆ. ಓಣಿಯವರು ಕರದ್ರ ಈಗ ಹೋಗಬಹುದಿತ್ತು. ಆದರ ಒಂಬತ್ತು ವರ್ಷ ಬರದಾಕಿನ್ನ ಯಾರು ಕರೀತಾರ? ಕರಿಯೂದು ಬಿಟ್ಟಿದ್ರು.

ಮರುದಿನ ಹಾಲಿನ ಬೋಗುಣಿ ಇಳಸಾಕ ಪಕ್ಕಡಕ್ಕ ಕೈ ಹಾಕಿದೆ. ಟೇಪು ಕರಗೀತು ಅಂತ, ಮಾನವಿಯಿಂದ ಬಂದಾಗಿಂದ ಮಾಡಿದಂಗ, ಕೈ ಹಿಂದಕ್ಕ ತಗೊಂಡೆ. ಸೆರಗಿಲೆ ಹಿಡದು ಇಳಿಸಿದೆ. ಎರಡು ಬೆರಳು ಸುಟ್ಟವು. ಸಂಜಿಗೆ ಪ್ಯಾಟಿಗೆ ಹೋಗಿ ಒಂದು ಇಕ್ಕಳ ಕೊಂಡು ತಂದೆ.