ಸುಗಲಮ್ಮ ಶಾಲೆ ಆರಿಸಿದ್ದು

ಸುಗಲಮ್ಮನ ಮಗಳನ್ನು ಮೊದಲ ಶಾಲೆಗೆ ಸೇರಿಸಿದವಳು ನಾನೇ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಎತ್ತಿ ಆಡುವುದು ಬೇಡ.

ಎರಡು ಸಾವಿರದ ಆರನೇ ಇಸವಿ. ತೆಲುಗು ಸೀಮೆಯ ಮಣಿಕೊಂಡದಲ್ಲಿ ಕಂಪ್ಯೂಟರ್ ಕಂಪನಿಯವರಿಗಾಗಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ನಮ್ಮ ಬಾಡಿಗೆ ಮನೆಯ ಪಕ್ಕದ ಕಟ್ಟಡದಲ್ಲಿ ದೇವದುರ್ಗದ ಕಡೆಯ ಸುಗಲಮ್ಮ, ಅವಳ ಗಂಡ ಹುಲಗೇಶ ಕೂಲಿ ಮಾಡುತ್ತ ತಗಡಿನ ಶೆಡ್ಡಿನಲ್ಲಿದ್ದರು. ಅವಳಿಗೆ ತೆಲುಗು ಅಷ್ಟಕ್ಕಷ್ಟೆ. ನಾನು ಗುಲ್ಬರ್ಗದವಳೆಂದು ಗೊತ್ತಾದ ಮೇಲೆ ಎಲ್ಲಕ್ಕೂ ನನ್ನ ಬಾಗಿಲಿಗೇ ಬರುತ್ತಿದ್ದಳು. ಏಳು ವರ್ಷದ ಮಗಳು ದಾನೇಶ್ವರಿಗೆ ಶಾಲೆ ಬೇಕೆಂದಾಗ, ಹತ್ತಿರದ ಎರಡು ಸರ್ಕಾರಿ ಶಾಲೆಗಳಲ್ಲಿ ಗೋಡೆಗೆ ಚೆಂದ ಬಣ್ಣ ಬಳಿದದ್ದನ್ನು ನಾನು ಆರಿಸಿದೆ. ಅಲ್ಲಿ ಮಕ್ಕಳು ಪಿಟಕ್ಕೆನ್ನದೆ ಕೂತಿದ್ದರು. ಶಿಸ್ತು ಎಂದರೆ ಇದು ಎಂದುಕೊಂಡೆ.

ನಾಲ್ಕು ತಿಂಗಳಲ್ಲಿ ಹುಡುಗಿ ಮಾತು ಬಿಟ್ಟಳು. ಏನು ಕೇಳಿದರೂ ತಲೆ ಆಡಿಸುವುದಷ್ಟೇ. ಬೆಳಿಗ್ಗೆ ಚೀಲ ಕಂಡರೆ ವಾಂತಿ.

ಹುಲಗೇಶ ಖಡಾಖಂಡಿತವಾಗಿ ಹೇಳಿದ. "ಇನ್ನೊಂದ್ ಸಾಲಿ ನೋಡು. ಅಲ್ಲೀನೂ ಹಿಂಗ ಆದ್ರ ಸಾಲಿ ಸಾಕು. ಸೈಟಿನ್ಯಾಗ ನಮ್ಮ ಸಣ್ಣ ಕೂಸಿನ್ನ ಆಡಿಸ್ಕೋತ ಇರ್ಲಿ."

"ನಾಳೇನ ಹೋಗಿ ಹೆಸರು ಹಚ್ಚೋಣ," ಎಂದೆ ನಾನು.

"ತಡೀರಿ ಅಕ್ಕಾರ. ಈ ಸರ್ತಿ ನಾ ನೋಡ್ತೀನಿ," ಎಂದಳು ಸುಗಲಮ್ಮ.

"ನಿನಗ ಓದಾಕ ಬರಂಗಿಲ್ಲ. ಏನ್ ನೋಡ್ತಿ?" ನನ್ನ ಬಾಯಿಗೆ ಬೀಗ ಇಲ್ಲ.

"ಹುಡುಗ್ರು ಉಣ್ಣೂದು ನೋಡ್ತೀನ್ರಿ," ಎಂದಳು.

ಎರಡು ದಿನ ಕೆಲಸ ಬಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ಒಂದೊಂದು ಶಾಲೆಯ ಗೇಟಿನ ಹೊರಗೆ ಕೂತಳು. ಕಟ್ಟಡದಲ್ಲಿ ಇಟ್ಟಿಗೆ ಮೇಲೆ ಹೋಗುವುದು ಕೈಯಿಂದ ಕೈಗೆ. ಹೊಸಬರು ಸಾಲಿನಲ್ಲಿ ನಿಂತರೆ ಹಳಬರು ಇಟ್ಟಿಗೆಯನ್ನು ಹೇಗೆ ಕೊಡುತ್ತಾರೆ ಎಂದು ಅರ್ಧ ಗಂಟೆ ನೋಡಿ, ಆ ಗುಂಪಿನಲ್ಲಿ ದುಡಿಯಬಹುದೋ ಇಲ್ಲವೋ ಅವಳು ಹೇಳಬಲ್ಲಳು. ಶಾಲೆಯಲ್ಲಿ ಅನ್ನದ ತಟ್ಟೆಯೂ ಹಾಗೆಯೇ ಸಾಲಿನ ತುದಿಯವರೆಗೆ ದಾಟಬೇಕು.

"ನೀವು ಹೇಳಿದ ಸಾಲ್ಯಾಗ ಕೂಲಿಯವ್ರ ಹುಡುಗ್ರನ್ನ ಕಡೀಕ ಕುಂದ್ರಸ್ತಾರ್ರಿ," ಎಂದಳು ವಾಪಸು ಬಂದು. "ಅವ್ರ ಕೈಯಾಗ ತಟ್ಟಿ ಕೊಡಂಗಿಲ್ಲ. ನೆಲದ ಮ್ಯಾಲಿಟ್ಟು ಕಾಲಿಲೆ ಸರಸ್ತಾರ. ಮೇಡಮ್ಮು ನೋಡಿ ಸುಮ್ಕಿರ್ತಾಳ. ಯಾರೂ ಗಲಾಟಿ ಮಾಡಂಗಿಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. ಆ ಮೌನವನ್ನೇ ಅಲ್ಲವೆ ನಾನು ಮೆಚ್ಚಿದ್ದು? ಥೂ, ನನ್ನ ಬುದ್ಧಿಗಿಷ್ಟು.

"ಇನ್ನೊಂದು ಹೆಂಗೈತಿ?"

"ಸಂತಿ ಆಗೇತ್ರಿ. ಬೈದಾಡ್ತಾರ, ಸಾರು ಚೆಲ್ತಾರ. ಆದ್ರ ಎಲ್ಲಾರ ಕೈಯಾಗೂ ಕೊಡ್ತಾರ. ಒಬ್ಬಾವ ಕೊಡಲಿಲ್ಲ. ಅಂವ ಕೊಡೂತನ ಮಾಸ್ತರು ಅವನ ಮುಂದಿಂದ ಸರೀಲಿಲ್ಲ ನೋಡ್ರಿ."

ಸೋರುವ ಸೂರಿನ ಆ ಶಾಲೆಗೇ ಹೆಸರು ಹಚ್ಚಿದೆವು. ಅಮಾವಾಸ್ಯೆಯವರೆಗೆ ನೋಡುತ್ತೇನೆ ಎಂದ ಹುಲಗೇಶ. ಹುಡುಗಿ ಹೋದಳು, ಉಂಡಳು, ಬಂದಳು. ಮಾತು ಮಾತ್ರ ಇಲ್ಲ. ಸುಗಲಮ್ಮ ದಿನಾ ಮಧ್ಯಾಹ್ನ ಗೇಟಿಗೆ ಓಡುವಳು, ಕೂಲಿಗಳ ಮೇಲಿನ ಮುಕಾದಮ ಕೂಗಾಡುವನು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಶಾಲೆಯಿಂದ ಕರೆ ಬಂತು. ಸುಗಲಮ್ಮ ಬುಟ್ಟಿ ಅಲ್ಲೇ ಬಿಟ್ಟು ಹೊರಟಳು. ತೆಲುಗಿಗೆಂದು ನಾನೂ ಹೋದೆ.

ಮೇಷ್ಟ್ರು ಸಿಟ್ಟಾಗಿದ್ದರು. ದಾನೇಶ್ವರಿ ತನಗಿಂತ ದೊಡ್ಡ ಹುಡುಗನ ಚೀಲ ಬೋರಲು ಹಾಕಿದ್ದಳಂತೆ; ಅವನು ಅವಳ ಪೆನ್ಸಿಲ್ ಕಸಿದಿದ್ದನಂತೆ. ಇಡೀ ತರಗತಿ ಪಾಠ ಬಿಟ್ಟು ಕೂರುವ ಹಾಗೆ ಕಿರುಚಿದಳಂತೆ. ನಾನು ತಪ್ಪಾಯಿತು ಎನ್ನತೊಡಗಿದೆ. ಸುಗಲಮ್ಮ ನನ್ನ ರಟ್ಟೆ ಹಿಡಿದಳು.

"ಅಕ್ಕಾರ, ಬಾಯಿ ಬಿಟ್ಟು ಬೈದಾಳಂತೇನ್ರಿ?"

ಕೇಳಿದೆ. ಬೈದಳು, ಅರ್ಧ ತೆಲುಗು, ಉಳಿದರ್ಧ ತಮಗೆ ತಿಳಿಯಲಿಲ್ಲ ಎಂದರು ಮೇಷ್ಟ್ರು. ಅವಳಿಗೆ ಹೇಳಿದೆ. ಸೆರಗು ಮುಖಕ್ಕೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಗಾಬರಿಯಾದ ಮೇಷ್ಟ್ರು ನೀರು ತರಿಸಿದರು. ನನ್ನ ಕಣ್ಣೂ ತುಂಬಿತ್ತು, ಸುಳ್ಳೇಕೆ ಹೇಳಲಿ.

ಕಣ್ಣೊರೆಸಿಕೊಂಡು ಮಗಳಿಗೆ ಗದರಿದಳು. "ಮಾಸ್ತರಿಗೆ ಕೈ ಮುಗಿ. ಹಂಗ ಮಾಡಬಾರ್ದು." ಹುಡುಗಿ ಕೈ ಮುಗಿದಳು.

ಗೇಟು ದಾಟಿದ್ದೇ ತಡ, ಸುಗಲಮ್ಮ ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಏನಂತ ಬೈದೆವ್ವಾ? ಹೇಳು."

ದಾನೇಶ್ವರಿ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಆಮೇಲೆ ಶುರು ಮಾಡಿದಳು. ಸೈಟು ಬರುವವರೆಗೂ ಬಾಯಿ ನಿಲ್ಲಲಿಲ್ಲ. ಹುಲಗೇಶ ಮೂರನೇ ಅಂತಸ್ತಿನಲ್ಲಿ ಬುಟ್ಟಿ ಹೊತ್ತು ನಿಂತಿದ್ದ.

"ಜೋರ್ಲೆ ಹೇಳು," ಎಂದಳು ಸುಗಲಮ್ಮ, "ನಿಮ್ಮಪ್ಪಗ ಕೇಳ್ಲಿ."

ಹುಡುಗಿ ಕತ್ತೆತ್ತಿ ಮೊದಲಿನಿಂದ ಎಲ್ಲ ಹೇಳಿದಳು.