ಲೈನಿನವರಿಗೆ ಲೈನರ್

ಪಿಕಪ್ ಮಾವನ ಬಲಗೈಯ ಉಂಗುರ ಬೆರಳು ಯಾವಾಗಲೂ ಕೆಂಪಗೆ ಮಿನುಗುತ್ತಿತ್ತು. ದಿನಾ ಬೆಳಿಗ್ಗೆ ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಪಿಕಪ್ಪಿಗೆ ಬೊಟ್ಟಿಟ್ಟ ಮೇಲೇ ಅವರು ಕೀಲಿ ತಿರುಗಿಸುತ್ತಿದ್ದದ್ದು. "ಗಾಡಿಗೂ ಜೀವ ಉಟ್ಟು. ಕೇಳ್ದೆ ಹೊರಡಿಕಿಲ್ಲೆ," ಎನ್ನುತ್ತಿದ್ದರು. ಅರೆಭಾಷೆಯಲ್ಲಿ 'ಉಟ್ಟು' ಎಂದರೆ 'ಇದೆ' ಎಂದು ಗೊತ್ತಿದ್ದೂ ನಾವು, "ಗಾಡಿ ಏನು ಉಟ್ಟಿದೆ ಮಾವ, ಸೀರೆಯಾ?" ಎಂದು ಕಿಚಾಯಿಸುತ್ತಿದ್ದೆವು.

ನಾವು ಎಂದರೆ ಕೊಡಗಿನ ಅಮ್ಮತ್ತಿ ಕಡೆಯ ಎಸ್ಟೇಟೊಂದರಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಹೆಂಗಸರು. ಕಾಫಿ ಪಿಕಿಂಗ್ ಶುರುವಾದರೆ ನಮ್ಮನ್ನು ಮೇಲಿನ ತೋಟಕ್ಕೆ ಸಾಗಿಸುತ್ತಿದ್ದವರು ಈ ಪಿಕಪ್ ಮಾವ. ಆನೆ ಓಡಾಡುವ ದಾರಿ. ನಡೆದು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ, ಹುಟ್ಟಿನಿಂದ ಒಂದು ಕಾಲೆಳೆಯುವ ನನ್ನಮ್ಮನಿಗಂತೂ ಅದು ಆಗದ ಮಾತು.

ಆ ವರ್ಷ ಮಾವ ತಮ್ಮ ಹಳೇ ಗಾಡಿಗೆ ನೀಲಿ ಬಣ್ಣ ಹೊಡೆಸಿದರು. ಮದುಮಗಳ ಹಾಗೆ ಬಂದು ನಿಂತಿತು, ನಿಜ. ಆದರೆ ನಾವು ನಿಲ್ಲುವ ಹಿಂದಿನ ತೊಟ್ಟಿಯೂ ನುಣ್ಣಗಾಗಿತ್ತು. ಇಬ್ಬನಿ ಬಿದ್ದ ಮೊದಲ ಬೆಳಿಗ್ಗೆಯೇ ಒಬ್ಬಳು ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. ಮಾವ ಮತ್ತೆ ಯಾರನ್ನೂ ಹತ್ತಿಸಲಿಲ್ಲ. ತೊಟ್ಟಿಗೆ ಲೈನರ್ ಸ್ಪ್ರೇ ಮಾಡಿಸುತ್ತೇನೆ, ರಬ್ಬರಿನಂಥ ಕಪ್ಪು ಲೇಪ, ತರಿತರಿಯಾಗಿ ಕಾಲು ಕಚ್ಚಿ ಹಿಡಿಯುತ್ತದೆ ಎಂದರು. "ಲೈನಿನವರಿಗೆ ಲೈನರ್!" ಎಂದು ನಕ್ಕೆವು. ಮಾವ ನಗಲಿಲ್ಲ.

ಕುಶಾಲನಗರದಿಂದ ಬಂದ ಸ್ಪ್ರೇಯವನು ಹೊಸ ಬಣ್ಣವನ್ನು ಮರಳುಕಾಗದದಲ್ಲಿ ಗರಗರ ಉಜ್ಜಿದಾಗ ಅವರು ಮುಖ ತಿರುಗಿಸಿ ನಿಂತರು. ಹೊಳಪು ಹೋಗದೆ ಲೇಪ ಹಿಡಿಯುವುದಿಲ್ಲವಂತೆ. ಅವನು ಥಿನ್ನರಿನಲ್ಲಿ ಎಲ್ಲ ಒರೆಸಿ, "ಇನ್ನ್ ಯಾರೂ ಕೈ ಇಕ್ಬೇಡಿ ಕಣಣ್ಣ, ಬೆವ್ರು ತಾಕುದ್ರೂ ಲೇಪ ಎದ್ ಬತ್ತದೆ," ಎಂದು ಹೇಳಿ ಮಿಷನ್ ತರಲು ಹೋದ. ಮಾವ ಒಬ್ಬರೇ ಗಾಡಿಯ ಬಳಿ ಉಳಿದರು.

ಲೇಪ ಒಣಗಿದ ಮೇಲೆ ಮೊದಲ ಸವಾರಿ. ಅಮ್ಮ ಹಿಂಬಾಗಿಲ ಪಕ್ಕ, ಅವಳ ಪಕ್ಕ ನಾನು. ಮುಂದೆ ಏನೂ ಕಾಣದಷ್ಟು ಮಂಜು. ಏರಿನ ತಿರುವಿನಲ್ಲಿ ಕೊಂಬೆ ಮುರಿಯುವ ಸದ್ದಾಯಿತು. ಮಾವ ಬ್ರೇಕ್ ಒತ್ತಿದರು. ದಾರಿಗೆ ಅಡ್ಡಲಾಗಿ ಒಂಟಿ ಸಲಗ.

"ಯಾರೂ ಉಸ್ರೆತ್ತ್‌ಬೇಡಿ," ಎಂದರು ಮೆಲ್ಲಗೆ. ಹಾರ್ನ್ ಒತ್ತದೆ ಇಂಚಿಂಚಾಗಿ ಹಿಂದಕ್ಕೆ ಬಿಟ್ಟರು. ಸಲಗ ಕಿವಿ ಅಗಲಿಸಿ ನಮ್ಮತ್ತ ಹೆಜ್ಜೆಯಿಟ್ಟಿತು. ಅಷ್ಟರಲ್ಲಿ ಹಿಂದಿನ ಗಾಲಿ ಗುಂಡಿಗಿಳಿಯಿತು. ಎಲ್ಲರ ಕಾಲುಗಳೂ ನೆಟ್ಟಗೆ ನಿಂತವು. ಅಮ್ಮನ ಕಾಲು ಮಾತ್ರ ಸರ್ರನೆ ಜಾರಿ, ಅವಳು ಹಿಂಬಾಗಿಲ ಮೇಲಿಂದ ಸೊಂಟದವರೆಗೂ ಹೊರಕ್ಕೆ ವಾಲಿದಳು. ನಾನು ಅವಳ ಸೀರೆ, ರವಿಕೆ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದೆ. ಅವಳು ತುಟಿ ಕಚ್ಚಿ ಒಂದು ಸದ್ದೂ ಮಾಡಲಿಲ್ಲ. ಸಲಗ ನಮ್ಮನ್ನು ನೋಡುತ್ತಾ ನಿಂತಿತ್ತು. ಎಷ್ಟು ಹೊತ್ತೋ ತಿಳಿಯದು, ಆಮೇಲೆ ತೋಟದೊಳಕ್ಕೆ ಇಳಿದು ಹೋಯಿತು.

ಲೈನಿಗೆ ಮರಳಿದ್ದೇ ತಡ, ಎಲ್ಲರೂ ಅಮ್ಮನ ಮೇಲೆ ಬಿದ್ದರು. "ನೆಟ್ಟಗೆ ನಿಲ್ಲಕ್ಕೂ ಆಗಲ್ವಾ ನಿಂಗೆ? ನಮ್ಮನ್ನೂ ಸಾಯಿಸ್ತಿದ್ದೆ!"

"ನನ್ ಕಾಲೇ ಸರಿ ಇಲ್ಲ. ನಾಳೆಯಿಂದ ನಾನ್ ಬರಲ್ಲ," ಎಂದಳು ಅಮ್ಮ.

ಮಾವ ತೊಟ್ಟಿ ಹತ್ತಿ, ಅಮ್ಮ ನಿಂತಿದ್ದ ಜಾಗದಲ್ಲಿ ಉಗುರು ಹಾಕಿದರು. ಅಂಗೈಯಗಲ ಲೇಪ ಹಪ್ಪಳದ ಹಾಗೆ ಎದ್ದು ಬಂತು. ಅದರಡಿ ಲೇಪವನ್ನು ಹಿಡಿಯಗೊಡದ ಎಣ್ಣೆಯ ಪಸೆ, ಹರಡಿದ ಕುಂಕುಮ. ಆ ಚೂರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ತಂಗಿ ಕಾಲ್ದ್ ತಪ್ಪಲ್ಲ. ಸ್ಪ್ರೇಯಂವ ಅತ್ತ ಹೋದಾಗ ನಾನೇ ಇಲ್ಲಿ ಬೊಟ್ಟಿಟ್ಟದ್. ಹೊಸ ಕೆಲ್ಸ ಅಲ್ವಾ, ಗಾಡಿನ ಕೇಳ್ದೆ ಹೆಂಗೆ ಸುರು ಮಾಡ್ದು ಹೇಳಿ... ತಪ್ಪು ನಂದು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಸಲಗದ ಎದುರು ಬಾರದ ಅಳು ಆಗ ಬಂತು. ಮಾವ ತೊಟ್ಟಿಯನ್ನೆಲ್ಲ ಕೆರೆಸಿ ಮತ್ತೆ ಲೇಪ ಹಾಕಿಸಿದರು. ಹೊಸ ಲೇಪವನ್ನು ಎಲ್ಲರೂ ಅನುಮಾನದಿಂದ ನೋಡುತ್ತ ನಿಂತಾಗ ಮೊದಲು ಹತ್ತಿದವಳು ಅಮ್ಮ.

ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ, ಕೊಡ ಒಡೆದರೂ ತಪ್ಪನ್ನು ಅಮ್ಮನ ಕಾಲಿನ ಮೇಲೇ ಹಾಕುವುದು ರೂಢಿ. ತಪ್ಪು ಅವಳ ಕಾಲಿನದಲ್ಲ ಎಂದು ಅಷ್ಟು ಜನರ ಎದುರು ಹೇಳಿದ ಗಂಡಸು ಅವರೊಬ್ಬರೇ. ನನ್ನ ಅಪ್ಪ ಇವತ್ತಿಗೂ ಹೇಳಿಲ್ಲ.